ಚೈನು ಬಿಗಿ ಮಾಡುವ ಹೊತ್ತೂ ಕೆಲಸದ ಹೊತ್ತೇ

ಚೈನ್ ಸಾ ಇಟ್ಟುಕೊಂಡಿರುವ ಕಾಫಿ ತೋಟದ ಮಾಲೀಕರಿಗೆ, ಬೆಳೆಗಾರ ಬಂಧುಗಳಿಗೆ,



ಮೂಡಿಗೆರೆ ಸೀಮೆಯ ಸಣ್ಣ ಪೇಟೆಯೊಂದರಲ್ಲಿ ನನ್ನದು ಮಿಷನ್ ರಿಪೇರಿ ಅಂಗಡಿ. ಸ್ಪ್ರೇಯರು, ಕಳೆ ಹೊಡೆಯುವ ಮಿಷನ್ನು, ಪಂಪ್‌ಸೆಟ್ಟು, ಚೈನ್ ಸಾ, ಇವೇ ನನಗೆ ಅನ್ನ ಹಾಕುತ್ತಿರುವುದು. ನಿಮ್ಮಲ್ಲಿ ಕೆಲವರ ಮುಖ ಗೊತ್ತು, ಬಹಳ ಮಂದಿಯ ಮಿಷನ್ ಗೊತ್ತು. ಬೆಂಚಿನ ಮೇಲೆ ಚೈನ್ ಸಾ ಮಲಗಿಸಿ ಪಕ್ಕದ ಕವರ್ ಬಿಚ್ಚಿದರೆ ಸಾಕು, ಆ ತೋಟದಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದು ಅರ್ಧಕ್ಕರ್ಧ ತಿಳಿದುಬಿಡುತ್ತದೆ. ತಿಳಿದದ್ದನ್ನು ನಾನು ಹೇಳುವುದು ಮಿಷನ್ ಹೊತ್ತು ತಂದವರಿಗೆ. ಅವರು ತಲೆಯಾಡಿಸಿ, ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡು ಹೋಗುತ್ತಾರೆ. ಹೇಳಿದ್ದನ್ನು ತೋಟದಲ್ಲಿ ನಡೆಸುವ ಅಧಿಕಾರ ಅವರಿಗಿಲ್ಲ, ನಿಮಗಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮಾತು ಚೈನಿನದು. ಇಂಜಿನ್ನಿನ ಬಗ್ಗೆ ನಿಮಗೆಲ್ಲ ಕಾಳಜಿ ಇದೆ. ಪೆಟ್ರೋಲಿಗೆ ಎಷ್ಟು 2ಟಿ ಆಯಿಲ್ ಬೆರೆಸಬೇಕು, ಪ್ಲಗ್ ಯಾವಾಗ ಬದಲಿಸಬೇಕು ಎಂದು ಫೋನ್ ಮಾಡಿ ಕೇಳುತ್ತೀರಿ. ಚೈನಿನ ಬಗ್ಗೆ ಕೇಳಿದವರು ಕಡಿಮೆ. ಅದು ಕೆಲಸದವರ ಪಾಡು, ಸಡಿಲವಾದರೆ ಬಿಗಿ ಮಾಡಿಕೊಳ್ಳುತ್ತಾರೆ, ತುಂಡಾದರೆ ಪೇಟೆಗೆ ಬರುತ್ತಾರೆ ಎಂಬ ಭಾವನೆ. ಆದರೆ ಮರ ಕೊಯ್ಯುವುದು ಇಂಜಿನ್ ಅಲ್ಲ, ಚೈನು. ಮೈ ಕೊಯ್ಯುವುದೂ ಅದೇ. ಹದಿನೆಂಟು ಇಂಚಿನ ಬಾರ್ ಇರುವ ಮಿಷನ್ನಿನಲ್ಲಿ ಪೂರ್ತಿ ರೇಸ್ ಕೊಟ್ಟಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಒಂದೊಂದು ಹಲ್ಲೂ ಸೆಕೆಂಡಿಗೆ ಹದಿನೈದು ಸಲ ಬಾರನ್ನು ಸುತ್ತಿ ಬರುತ್ತದೆ. ಅದನ್ನು ಹಿಡಿದಿಟ್ಟಿರುವುದು ಬಾರಿನ ಅಂಚಿನಲ್ಲಿರುವ ಒಂದೂವರೆ ಮಿಲಿಮೀಟರ್ ಅಗಲದ ಸಂದು. ಚೈನಿನ ಹೊಟ್ಟೆಯ ಕಡೆಯ ಕೊಂಡಿಗಳು, ನಾವು ಡ್ರೈವ್ ಲಿಂಕ್ ಎನ್ನುವುವು, ಆ ಸಂದಿಯೊಳಗೆ ಇಳಿದಿರುವಷ್ಟು ಹೊತ್ತು ಮಾತ್ರ ಎಲ್ಲ ಸರಿ. ಚೈನು ಜೋಲು ಬಿದ್ದಿತೋ, ಒಂದು ಸಣ್ಣ ರೆಂಬೆ ಪಕ್ಕದಿಂದ ತಾಗಿದರೂ ಕೊಂಡಿ ಸಂದಿಯಿಂದ ಈಚೆ ಬರುತ್ತದೆ. ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ.

ಹೋದ ಸಲ ಮರಗಸಿಯ, ಅಂದರೆ ನೆರಳು ಮರಗಳ ಕೊಂಬೆ ಸವರುವ, ಕಾಲದಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದ. ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು. ಎಡಗೈಯಲ್ಲಿ ಮಿಷನ್ನು, ಚೈನು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಸಿಲ್ವರ್ ಓಕಿನ ಸಣ್ಣ ಕೊಂಬೆ ಸವರುವಾಗ ಚೈನು ಹಾರಿ ಬಂದಿತ್ತು. ಹಾಗೆ ಹಾರಿದ ಚೈನನ್ನು ತಡೆಯಲೆಂದೇ ಬಾರಿನ ಬುಡದಲ್ಲಿ, ಕೆಳಬದಿಗೆ, ಚೈನ್ ಕ್ಯಾಚರ್ ಎಂಬ ಗೂಟದಂಥ ಸಣ್ಣ ತುಣುಕೊಂದು ಇರುತ್ತದೆ. ಆ ಮಿಷನ್ನಿನಲ್ಲಿ ಅದು ಎಂದೋ ಮುರಿದುಹೋಗಿತ್ತು. ಯಾರೂ ಹೊಸದು ಹಾಕಿಸಿರಲಿಲ್ಲ, ಅಂಥದ್ದೊಂದು ಇದೆಯೆಂದು ತೋಟದಲ್ಲಿ ಯಾರಿಗೂ ಗೊತ್ತೂ ಇರಲಿಲ್ಲ. ಬೆರಳು ಹೇಗಿದೆಯಪ್ಪಾ ಎಂದು ಕೇಳಿದೆ. ಅವನು ಅದಕ್ಕೆ ಉತ್ತರ ಕೊಡದೆ, ‘ಅಣ್ಣಾ, ಇದೇ ಚೈನು ಕೂರಿಸಿ ಕೊಡಿ. ಹೊಸದು ಅಂದ್ರೆ ತೋಟದ ರೈಟರು ಬೈತಾರೆ’ ಎಂದ. ಚೀಲದಿಂದ ತೆಗೆದು ನೋಡಿದರೆ ಕೊಂಡಿಗಳ ಪಕ್ಕವೆಲ್ಲ ಚೈನನ್ನು ತಿರುಗಿಸುವ ಹಲ್ಲುಚಕ್ರಕ್ಕೆ ಉಜ್ಜಿ ಮುಳ್ಳೆದ್ದಿದ್ದವು. ಇನ್ನು ಅದು ಬಾರಿನ ಸಂದಿಯೊಳಗೆ ಇಳಿಯುವ ಹಾಗಿರಲಿಲ್ಲ. ಹಿಂದಿನ ದಿನವೇ ಚೈನು ಜೋಲುತ್ತಿದ್ದದ್ದು ಅವನಿಗೆ ಗೊತ್ತಿತ್ತು. ನಿಲ್ಲಿಸಿ ಬಿಗಿ ಮಾಡುತ್ತ ಕೂತರೆ ಮರದ ಲೆಕ್ಕ ಕಡಿಮೆಯಾಗುತ್ತದೆ ಎಂದು ಓಡಿಸಿದ್ದನಂತೆ. ಮರಕ್ಕಿಷ್ಟು ಎಂದು ಗುತ್ತಿಗೆ.

ಆ ಮಾಲೀಕರನ್ನು ದೂರಲು ಈ ಕಥೆ ಹೇಳಲಿಲ್ಲ. ಅವರು ಒಳ್ಳೆಯವರೇ, ಆಸ್ಪತ್ರೆ ಖರ್ಚು ಪೂರ್ತಿ ಅವರೇ ಕೊಟ್ಟರು. ಆದರೆ ಆ ಖರ್ಚಿನಲ್ಲಿ ಎಷ್ಟೋ ಚೈನು ಬರುತ್ತಿತ್ತು.

ಚೈನು ಬಿಗಿ ಮಾಡುವುದು ಎಷ್ಟು ಹೊತ್ತಿನ ಕೆಲಸ ಎಂದು ನಿಮಗೆ ತಿಳಿಯಬೇಕಾದರೆ ಒಮ್ಮೆ ನಿಮ್ಮ ಕೈಯಾರೆ ಮಾಡಿ ನೋಡಿ. ಮನೆಯ ಜಗಲಿಯಲ್ಲೇ ಮಾಡಬಹುದು. ಇಂಜಿನ್ ಆಫ್ ಆಗಿರಲಿ, ಚೈನು ತಣ್ಣಗಿರಲಿ, ಕೈಗೆ ದಪ್ಪ ಗ್ಲೌಸ್ ಇರಲಿ. ನಿಂತ ಚೈನಿನ ಹಲ್ಲೂ ಬರಿಗೈಯನ್ನು ಸೀಳುತ್ತದೆ. ಮುಂದಿನ ಗಾರ್ಡನ್ನು ಹಿಡಿಕೆಯ ಕಡೆಗೆ ಎಳೆದು ಬ್ರೇಕ್ ಬಿಡಿಸಿ, ಇಲ್ಲದಿದ್ದರೆ ಚೈನು ಕೈಯಲ್ಲಿ ತಿರುಗುವುದೇ ಇಲ್ಲ. ಮಿಷನ್ ಜೊತೆಗೇ ಒಂದು ಸಣ್ಣ ಸಲಕರಣೆ ಕೊಟ್ಟಿರುತ್ತಾರೆ, ಒಂದು ತುದಿ ಬಾಕ್ಸ್ ಸ್ಪ್ಯಾನರ್, ಇನ್ನೊಂದು ತುದಿ ಸ್ಕ್ರೂಡ್ರೈವರ್. ಅದರಿಂದ ಪಕ್ಕದ ಕವರಿನ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಪೂರ್ತಿ ಬಿಚ್ಚುವುದು ಬೇಡ. ಈಗ ಬಾರಿನ ಮೂತಿಯನ್ನು ಒಂದು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿಯಿರಿ. ಎತ್ತಿದ ಕೈಯನ್ನು ಇಳಿಸದೆ, ಇನ್ನೊಂದು ಕೈಯಲ್ಲಿ ಟೆನ್ಷನ್ ಸ್ಕ್ರೂವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತ ಹೋಗಿ. ಬಾರಿನ ಕೆಳಗಡೆ ಜೋಲುತ್ತಿದ್ದ ಚೈನು ಮೇಲೇರಿ ಬಾರಿಗೆ ತಾಗಿದ ಕೂಡಲೇ ನಿಲ್ಲಿಸಿ. ಮೂತಿ ಎತ್ತಿ ಹಿಡಿದಂತೆಯೇ ನಟ್ಟು ಬಿಗಿ ಮಾಡಿ.

ಮೂತಿ ಎತ್ತಿ ಹಿಡಿಯುವ ವಿಷಯವನ್ನು ಮತ್ತೆ ಮತ್ತೆ ಹೇಳಿದ್ದಕ್ಕೆ ಕಾರಣ ಇದೆ. ಹತ್ತರಲ್ಲಿ ಎಂಟು ಮಂದಿ ತಪ್ಪುವುದು ಇಲ್ಲಿಯೇ. ಮೂತಿ ಇಳಿಬಿಟ್ಟುಕೊಂಡು ಸ್ಕ್ರೂ ತಿರುಗಿಸುತ್ತಾರೆ, ಚೈನು ಬಿಗಿಯಾದಂತೆ ಕಾಣುತ್ತದೆ. ಮರಕ್ಕೆ ಒತ್ತಿದ ಕೂಡಲೇ ಬಾರು ಮೇಲಕ್ಕೆ ಸರಿಯುತ್ತದೆ, ಚೈನು ಮತ್ತೆ ಜೋಲುತ್ತದೆ. ಆಮೇಲೆ ಮಿಷನ್ನೇ ಸರಿಯಿಲ್ಲ ಎಂದು ನನ್ನ ಹತ್ತಿರ ಬರುತ್ತಾರೆ. ನಾನು ಮೂತಿ ಎತ್ತಿ ನಟ್ಟು ಬಿಗಿ ಮಾಡಿ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲು ನನಗೇ ನಾಚಿಕೆ.

ಸರಿಯಾಯಿತೇ ಎಂದು ಪರೀಕ್ಷಿಸುವುದು ಸುಲಭ. ಬಾರಿನ ಮೇಲ್ಭಾಗದ ನಡುವೆ ಚೈನನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಸ್ವಲ್ಪ ಎದ್ದರೂ ಕೊಂಡಿಗಳು ಸಂದಿಯಿಂದ ಪೂರ್ತಿ ಹೊರಗೆ ಬರಬಾರದು. ಬಿಟ್ಟರೆ ಟಪ್ಪೆಂದು ಹಿಂದಕ್ಕೆ ಕೂರಬೇಕು. ಆಮೇಲೆ ಚೈನನ್ನು ಮೂತಿಯ ಕಡೆಗೆ ಕೈಯಲ್ಲಿ ಎಳೆದು ನೋಡಿ, ತಡೆಯಿಲ್ಲದೆ ಸುತ್ತು ಬರಬೇಕು. ಸುತ್ತು ಬರದಿದ್ದರೆ ಹೆಚ್ಚು ಬಿಗಿಯಾಗಿದೆ ಎಂದರ್ಥ. ಬಿಗಿಯಾದಷ್ಟೂ ಒಳ್ಳೆಯದು ಎಂದುಕೊಂಡವರೂ ಇದ್ದಾರೆ. ಅಂಥ ಮಿಷನ್ನು ನನ್ನ ಬೆಂಚಿಗೆ ಬರುವಾಗ ಬಾರಿನ ಮೂತಿ ಸುಟ್ಟು ನೀಲಿಗಟ್ಟಿರುತ್ತದೆ, ಕ್ಲಚ್ಚು ಸವೆದಿರುತ್ತದೆ, ಕೆಲವೊಮ್ಮೆ ಬೇರಿಂಗೂ ಹೋಗಿರುತ್ತದೆ. ಪೂರ್ತಿ ಲೆಕ್ಕ ಹಾಕಿದರೂ ಬಿಗಿ ಮಾಡುವುದು ಎರಡು ಮೂರು ನಿಮಿಷದ ಕೆಲಸ. ಎಲೆ ಅಡಿಕೆ ಹಾಕಿಕೊಳ್ಳುವುದಕ್ಕೆ ನಾವು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇವೆ.

ಇನ್ನು ಬಿಸಿಯ ಮಾತು. ಕೊಯ್ಯುತ್ತಾ ಕೊಯ್ಯುತ್ತಾ ಚೈನು ಕಾದು ಹಿಗ್ಗುತ್ತದೆ, ಜೋಲು ಬೀಳುತ್ತದೆ. ಕೆಲಸದ ನಡುವೆ ಹಾಗೆ ಜೋತಾಗ ನಿಲ್ಲಿಸಿ, ಬಿಗಿ ಮಾಡಿ ಮುಂದುವರಿಯಬೇಕು, ಅದು ಸರಿಯೇ. ಆದರೆ ಸಂಜೆ ಕೆಲಸ ಮುಗಿದಾಗ ಅದೇ ಚೈನನ್ನು ಮತ್ತೆ ಸಡಿಲಿಸಬೇಕು ಎಂಬುದನ್ನು ನೆನಪಿಡುವವರಿಲ್ಲ. ಬಿಸಿಯಲ್ಲಿ ಬಿಗಿ ಮಾಡಿದ ಚೈನು ರಾತ್ರಿ ತಣ್ಣಗಾಗಿ ಕುಗ್ಗುತ್ತದೆ, ಕುಗ್ಗುತ್ತಾ ಕ್ರ್ಯಾಂಕ್ ಶಾಫ್ಟನ್ನೂ ಬೇರಿಂಗನ್ನೂ ಎಳೆದು ಹಿಡಿಯುತ್ತದೆ. ಮಿಷನ್ನು ಸ್ಟೋರಿನ ಮೂಲೆಯಲ್ಲಿ ಸುಮ್ಮನೆ ಕೂತೇ ಹಾಳಾಗುತ್ತಿರುತ್ತದೆ. ಹೊಸ ಚೈನಿನದು ಇನ್ನೊಂದು ಬಗೆ. ಮೊದಲ ದಿನ ಅದರ ರಿವೆಟ್ಟುಗಳು ಕೂತುಕೊಳ್ಳುವವರೆಗೆ ಬಹಳ ಬೇಗ ಸಡಿಲಾಗುತ್ತದೆ. ಎರಡು ಮೂರು ಕೊಯ್ತಕ್ಕೊಮ್ಮೆ ನೋಡಬೇಕು. ‘ಹೊಸ ಚೈನು ಹಾಕಿಸಿದ್ದೇನೆ, ಇನ್ನೇನು ತೊಂದರೆ’ ಎಂದು ಆ ದಿನವೇ ಎರಡು ಪಟ್ಟು ಕೆಲಸ ಹೇಳುವ ವಾಡಿಕೆ ಕೆಲವು ತೋಟಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಹೊಸ ಚೈನಿನ ಮೊದಲ ದಿನ ನಿಧಾನದ ದಿನವಾಗಿರಲಿ.

ಬದಲಿಸುವ ವಿಚಾರಕ್ಕೆ ಬರುತ್ತೇನೆ. ಅಂಗಡಿಗೆ ಬಂದು ‘ಹದಿನೆಂಟು ಇಂಚಿನ ಚೈನು ಒಂದು ಕೊಡಿ’ ಎನ್ನುತ್ತಾರೆ. ಹದಿನೆಂಟು ಇಂಚು ಬಾರಿನ ಅಳತೆ, ಚೈನಿನದಲ್ಲ. ಚೈನಿಗೆ ಮೂರು ಅಳತೆ ಇದೆ, ಮೂರೂ ಹೊಂದಬೇಕು. ಮೊದಲನೆಯದು ಪಿಚ್ಚು: ಒಂದರ ಪಕ್ಕ ಒಂದಿರುವ ಮೂರು ರಿವೆಟ್ಟುಗಳ ದೂರ ಅಳೆದು ಅರ್ಧ ಮಾಡಿದರೆ ಸಿಗುವುದು. ನಮ್ಮ ಕಡೆಯ ಮಿಷನ್ನುಗಳಲ್ಲಿ ಹೆಚ್ಚಾಗಿ 3/8 ಇಂಚು ಇಲ್ಲವೇ 0.325 ಇಂಚು. ಎರಡನೆಯದು ಗೇಜು, ಅಂದರೆ ಬಾರಿನೊಳಗೆ ಇಳಿಯುವ ಕೊಂಡಿಯ ದಪ್ಪ: 1.1, 1.3, 1.5, 1.6 ಮಿಲಿಮೀಟರ್ ಹೀಗೆ. ಮೂರನೆಯದು ಆ ಕೊಂಡಿಗಳ ಎಣಿಕೆ. ಹದಿನೆಂಟೇ ಇಂಚಿನ ಬಾರಿದ್ದರೂ ಒಂದು ಕಂಪನಿಯದಕ್ಕೆ 66 ಕೊಂಡಿ, ಇನ್ನೊಂದಕ್ಕೆ 68, ಪಿಚ್ಚು 0.325 ಆಗಿದ್ದರೆ 72 ಬೇಕಾಗಬಹುದು. ತೆಳ್ಳನೆಯ ಚೈನನ್ನು ಅಗಲದ ಸಂದಿಗೆ ಹಾಕಿದರೆ ಅದು ಪಕ್ಕಕ್ಕೆ ವಾಲಾಡುತ್ತದೆ, ಮರವನ್ನು ಸೊಟ್ಟಗೆ ಕೊಯ್ಯುತ್ತದೆ. ಪಿಚ್ಚು ಬೇರೆಯಾದರೆ ಹಲ್ಲುಚಕ್ರದ ಮೇಲೆ ಕೂರುವುದೇ ಇಲ್ಲ, ಬಲವಂತ ಮಾಡಿದರೆ ಚಕ್ರವೂ ಹೋಗುತ್ತದೆ, ಚೈನೂ ಹೋಗುತ್ತದೆ. ಈ ಅಂಕಿಗಳನ್ನು ಬಾರಿನ ಬುಡದಲ್ಲಿ ಕೊರೆದಿರುತ್ತಾರೆ. ಎಣ್ಣೆ ಜಿಡ್ಡು ಒರೆಸಿದರೆ ಕಾಣುತ್ತದೆ. ಅದನ್ನೊಂದು ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.

ಹೊಸ ಚೈನು ಹಾಕುವಾಗ ಕವರ್ ಬಿಚ್ಚುವ ಮುಂಚೆ ಬ್ರೇಕ್ ಬಿಡಿಸಿರಬೇಕು. ಕೆಲವು ಮಿಷನ್ನುಗಳಲ್ಲಿ ಬ್ರೇಕಿನ ಪಟ್ಟಿ ಕವರಿನೊಳಗೇ ಇರುತ್ತದೆ. ಬ್ರೇಕ್ ಹಿಡಿದ ಹಾಗೇ ಕವರ್ ಬಿಚ್ಚಿದರೆ ಅದನ್ನು ಮತ್ತೆ ಹಾಕಲು ಬರುವುದಿಲ್ಲ. ಬಿಚ್ಚಿದ ಮೇಲೆ ಹೊಟ್ಟು, ಜಿಡ್ಡು ಎಲ್ಲ ತೆಗೆಯಿರಿ. ಬಾರಿನ ಸಂದನ್ನು ಒಂದು ತೆಳು ತಗಡಿನಿಂದ ಕೆರೆಯಿರಿ, ಎಣ್ಣೆ ಬರುವ ಸಣ್ಣ ತೂತನ್ನು ಬಿಡಿಸಿ. ಹಲಸಿನ ಮರ ಕೊಯ್ದ ಮೇಲಂತೂ ಅಂಟು ಮೆತ್ತಿ ಆ ತೂತು ಮುಚ್ಚಿಹೋಗಿರುತ್ತದೆ. ಬಾರನ್ನು ತಿರುವಿ ಹಾಕಿ, ಕೆಳಗಿದ್ದ ಅಂಚು ಮೇಲೆ ಬರಲಿ. ಆಗ ಎರಡೂ ಕಡೆ ಸಮನಾಗಿ ಸವೆಯುತ್ತದೆ. ಚೈನನ್ನು ಹಲ್ಲುಚಕ್ರದ ಮೇಲೆ ಕೂರಿಸಿ, ಬಾರಿನ ಸುತ್ತ ಇಳಿಸುವಾಗ ಮೇಲ್ಭಾಗದ ಹಲ್ಲುಗಳ ಹರಿತ ಮೂತಿಯ ಕಡೆಗೆ ನೋಡುತ್ತಿರಬೇಕು. ಉಲ್ಟಾ ಹಾಕಿಕೊಂಡು ‘ಹೊಸ ಚೈನೇ ಮೊಂಡ’ ಎಂದು ಜಗಳಕ್ಕೆ ಬಂದವರಿದ್ದಾರೆ. ಹೆಸರು ಹೇಳುವುದಿಲ್ಲ, ಅವರು ಈ ಪತ್ರ ಓದುತ್ತಿರಬಹುದು. ಟೆನ್ಷನ್ ಸ್ಕ್ರೂವಿನ ಗುಬುಟು ಬಾರಿನ ತೂತಿನೊಳಗೆ ಕೂತಿದೆಯೇ ಎಂದು ನೋಡದೆ ಕವರ್ ಬಿಗಿ ಮಾಡಿದರೆ ಗುಬುಟು ಬಾಗುತ್ತದೆ, ಆಮೇಲೆ ಚೈನು ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ನಟ್ಟನ್ನು ಮೊದಲು ಬೆರಳಲ್ಲೇ ಕೂರಿಸಿ, ಮುಂಚೆ ಹೇಳಿದ ಹಾಗೆ ಮೂತಿ ಎತ್ತಿ ಬಿಗಿ ಮಾಡಿ. ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಇನ್ನೊಮ್ಮೆ ಬಿಗಿ ನೋಡಿ. ಸುಮ್ಮನೆ ಐಡಲ್‌ನಲ್ಲಿ ಬಿಟ್ಟಾಗ ಚೈನು ತಿರುಗುತ್ತಿದ್ದರೆ ಆ ಮಿಷನ್ ತೋಟಕ್ಕೆ ಹೋಗಬಾರದು, ನನ್ನ ಹತ್ತಿರವೋ ಇನ್ನೊಬ್ಬರ ಹತ್ತಿರವೋ ಬರಬೇಕು.

ಒಂದು ಹಲ್ಲುಚಕ್ರಕ್ಕೆ ಒಂದೇ ಚೈನು ಸವೆಯುವವರೆಗೂ ಓಡಿಸಿ, ಆಮೇಲೆ ಅದೇ ಸವೆದ ಚಕ್ರಕ್ಕೆ ಹೊಸ ಚೈನು ಹಾಕಿದರೆ ಹೊಸದು ಬೇಗ ಕೆಡುತ್ತದೆ. ಸವೆದ ಗುರುತು ಅರ್ಧ ಮಿಲಿಮೀಟರ್ ಆಳವಾಯಿತೆಂದರೆ ಚಕ್ರವನ್ನೂ ಬದಲಿಸಬೇಕು. ಇದಕ್ಕೆ ಒಳ್ಳೆಯ ಉಪಾಯ, ಮೊದಲಿನಿಂದಲೇ ಎರಡು ಚೈನು ಇಟ್ಟುಕೊಂಡು ಸರದಿಯ ಮೇಲೆ ಹಾಕುವುದು. ನನ್ನ ದೊಡ್ಡ ಬೇಡಿಕೆಯೂ ಇದೇ. ಎರಡನೆಯ ಚೈನು ತೋಟದಲ್ಲಿ ಇರಲಿ. ಒಂದೇ ಚೈನು ಇರುವ ತೋಟದಲ್ಲಿ ಕೆಲಸದವನು ಮೊಂಡಾದ ಚೈನಿನಲ್ಲೇ ಒತ್ತಿ ಒತ್ತಿ ಕೊಯ್ಯುತ್ತಾನೆ, ಏಕೆಂದರೆ ಬೇರೆ ದಾರಿಯಿಲ್ಲ. ಮೊಂಡು ಚೈನನ್ನು ಒತ್ತುವವನೇ ಹೆಚ್ಚಾಗಿ ಗಾಯ ಮಾಡಿಕೊಳ್ಳುವುದು. ಮಿಷನ್ ತಾನಾಗಿ ಮರದೊಳಗೆ ಇಳಿಯಬೇಕು, ನಾವು ದೂಡಬಾರದು.

ಮೊಂಡಾಯಿತೆಂದು ತಿಳಿಯುವುದು ಹೇಗೆ? ಕೆಳಗೆ ಬಿದ್ದ ಹೊಟ್ಟು ನೋಡಿ. ಚಕ್ಕೆ ಚಕ್ಕೆಯಾಗಿ ಉದುರಿದರೆ ಚೈನು ಹರಿತವಾಗಿದೆ. ಹಿಟ್ಟಿನ ಹಾಗೆ ನುಣ್ಣಗೆ ಬಿದ್ದರೆ ಮೊಂಡಾಗಿದೆ. ಹೀಗೆ ಚಕ್ಕೆ ಎಬ್ಬಿಸುವ ಹಲ್ಲಿನ ಹಿಂದೆ ಒಂದು ಕಥೆಯಿದೆ, ಕಾಂಡಕೊರಕದಿಂದ ಕೈ ಸುಟ್ಟುಕೊಂಡ ಅರೇಬಿಕಾ ಬೆಳೆಗಾರರಿಗೆ ಹಿಡಿಸಬಹುದು. ಹಳೆಯ ಕಾಲದ ಚೈನುಗಳಲ್ಲಿ ಕೈಗರಗಸದಂಥ ಹಲ್ಲುಗಳಿದ್ದವು, ಮರವನ್ನು ಗೀರಿ ಗೀರಿ ಕೊಯ್ಯುತ್ತಿದ್ದವು. ಅಮೆರಿಕದ ಆರೆಗನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವವನು 1946ರಲ್ಲಿ ಸೌದೆ ಸೀಳುವಾಗ ಒಂದು ಬೊಡ್ಡೆಯೊಳಗೆ ಜೀರುಂಡೆಯ ಹುಳು ಮರ ಕೊರೆಯುವುದನ್ನು ಕಂಡನು. ನಮ್ಮ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಮಾಡುವ ಕೆಲಸವನ್ನೇ ಅಲ್ಲಿಯ ದೊಡ್ಡ ಮರಗಳಿಗೆ ಅದು ಮಾಡುತ್ತಿತ್ತು. ಆ ಹುಳುವಿನ ಎರಡು ದವಡೆಗಳು ಎಡಕ್ಕೂ ಬಲಕ್ಕೂ ಆಡುತ್ತ, ಎಳೆಯ ಉದ್ದಕ್ಕಾಗಲಿ ಅಡ್ಡಕ್ಕಾಗಲಿ ಸಲೀಸಾಗಿ ಮರವನ್ನು ಬಾಚಿ ತೆಗೆಯುತ್ತಿದ್ದವು. ಅದನ್ನು ನೋಡಿ ಉಕ್ಕಿನಲ್ಲಿ ಅಂಥದ್ದೇ ಬಾಗಿದ ಹಲ್ಲು ಮಾಡಿ, ಮರು ವರ್ಷ 1947ರಲ್ಲಿ ಮಾರಾಟಕ್ಕಿಟ್ಟನು. ಇವತ್ತು ನಿಮ್ಮ ಸ್ಟೋರಿನಲ್ಲಿರುವ ಚೈನಿನ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರುವುದು ಆ ಹುಳುವಿನ ದವಡೆಯಿಂದ ಕಲಿತದ್ದು. ನಮ್ಮ ಶತ್ರುವಿನ ಬಳಗದಿಂದ ನಮಗಾದ ಒಂದೇ ಉಪಕಾರ ಇದು.

ಅರ ಹಾಕುವವರು ಈ ಎಡ ಬಲದ ಲೆಕ್ಕವನ್ನು ಮರೆಯಬಾರದು. ಬಲಗೈಯವನಿಗೆ ಒಂದು ಕಡೆಯ ಹಲ್ಲು ಚೆನ್ನಾಗಿ ಸಿಗುತ್ತದೆ, ಇನ್ನೊಂದು ಕಡೆಯದು ಅಷ್ಟಾಗಿ ಸಿಗುವುದಿಲ್ಲ. ಒಂದು ಬದಿ ಗಿಡ್ಡವಾಗಿ ಇನ್ನೊಂದು ಬದಿ ಉದ್ದ ಉಳಿದರೆ ಕೊಯ್ತ ಒಂದು ಕಡೆಗೆ ಎಳೆಯುತ್ತದೆ. 3/8 ಪಿಚ್ಚಿಗೆ ಸಾಮಾನ್ಯವಾಗಿ 5.2 ಮಿಲಿಮೀಟರ್, 0.325ಕ್ಕೆ 4.8 ಮಿಲಿಮೀಟರ್ ದುಂಡು ಅರ ಬೇಕು. ಸಣ್ಣ ಮಿಷನ್ನಿನ 3/8 ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರಿನದೇ ಸಾಕು. ಕೈಗೆ ಸಿಕ್ಕ ಅರದಲ್ಲಿ ಉಜ್ಜುವುದು ಬೇಡ. ಪ್ರತಿ ಹಲ್ಲಿನ ಮುಂದೆ ಇರುವ ಡೆಪ್ತ್ ಗೇಜ್ ಎಂಬ ಗಿಡ್ಡ ಗುಬುಟನ್ನು ಅಳತೆಯಿಲ್ಲದೆ ತೇಯುವುದು ಅದಕ್ಕಿಂತ ಕೆಟ್ಟದ್ದು. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕೆಂಬುದನ್ನು ಆ ಗುಬುಟು ತೀರ್ಮಾನಿಸುತ್ತದೆ. ಜಾಸ್ತಿ ತೇಯ್ದರೆ ಮಿಷನ್ ಮರವನ್ನು ಕಚ್ಚಿ ಎಗರುತ್ತದೆ, ಮೂತಿ ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ ಹೊಡೆಯುತ್ತದೆ. ಬೇಗ ಕೊಯ್ಯಲಿ ಎಂದು ಆ ಗುಬುಟನ್ನು ತೇಯಿಸಿಕೊಂಡು ಹೋಗಲು ಬರುವವರಿಗೆ ನಾನು ಆಗುವುದಿಲ್ಲ ಎನ್ನುತ್ತೇನೆ. ನೀವು ಕಳಿಸಿದ್ದರೂ ಅಷ್ಟೇ, ಕ್ಷಮಿಸಿ.

ಹಲ್ಲಿನ ಮೇಲೆ ಒಂದು ಓರೆ ಗೆರೆ ಇರುತ್ತದೆ. ಅರ ಹಾಕಿ ಹಾಕಿ ಅಲ್ಲಿಯವರೆಗೆ ಬಂದರೆ, ಅಥವಾ ಹಲ್ಲು 4 ಮಿಲಿಮೀಟರಿಗಿಂತ ಗಿಡ್ಡವಾದರೆ, ಆ ಚೈನಿನ ಆಯುಸ್ಸು ಮುಗಿಯಿತು. ಬಿರುಕು ಬಿಟ್ಟ ಕೊಂಡಿ ಒಂದು ಕಂಡರೂ ಹಾಗೆಯೇ. ಗುಜರಿಗೆ ಹಾಕಿ. ‘ಇನ್ನೊಂದು ವಾರ ಓಡಲಿ’ ಎಂಬ ಮಾತು ಮಾಲೀಕರ ಬಾಯಿಂದ ಬಂದರೆ, ಓಡಿಸುವವನು ಇಲ್ಲ ಎನ್ನಲಾರ.

ಆಯಿಲ್ ವಿಷಯದಲ್ಲಿ ಒಂದೆರಡು ಮಾತು. ಜೀಪಿನಿಂದ ಇಳಿಸಿದ ಕರೀ ವೇಸ್ಟ್ ಆಯಿಲನ್ನು ಚೈನಿಗೆ ಹಾಕುವುದು ಎಲ್ಲ ಕಡೆ ಇದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿಗೆ ಅಂಟಿ ನಿಲ್ಲುವ ಗುಣ ಇರುವುದಿಲ್ಲ, ಆಯಿಲ್ ಪಂಪನ್ನೂ ತಿನ್ನುತ್ತದೆ. ಚೈನಿನಿಂದ ಚಿಮ್ಮಿದ್ದೆಲ್ಲ ಬೀಳುವುದು ನಿಮ್ಮ ಕಾಫಿ ಬುಡಕ್ಕೇ. ಚೈನ್ ಆಯಿಲ್ ಎಂದೇ ಸಿಗುತ್ತದೆ, ಅದನ್ನೇ ಕೊಳ್ಳಿ. ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಆಯಿಲ್ ತುಂಬಬೇಕು, ಅದೇ ಹೊತ್ತಿಗೆ ಚೈನಿನ ಬಿಗಿಯನ್ನೂ ನೋಡಬೇಕು. ಮೂರನ್ನೂ ಒಟ್ಟಿಗೆ ರೂಢಿ ಮಾಡಿಸಿದರೆ ಬೇರೆ ನೆನಪಿನ ಅಗತ್ಯವಿಲ್ಲ. ಆಯಿಲ್ ಬರುತ್ತಿದೆಯೇ ಎಂದು ಅನುಮಾನವಾದರೆ ಮೂತಿಯನ್ನು ಒಂದು ಬೋಳು ಬೊಡ್ಡೆಯ ಕಡೆಗೆ, ತಾಗದಂತೆ, ಹಿಡಿದು ರೇಸ್ ಕೊಡಿ. ಎಣ್ಣೆಯ ಸಣ್ಣ ಗೆರೆ ಮೂಡಬೇಕು.

ಈಗ ನಿಜವಾಗಿ ನಿಮ್ಮ ಹತ್ತಿರ ಕೇಳಬೇಕಾದದ್ದು. ಮೇಲಿನದೆಲ್ಲ ಕೆಲಸದವರಲ್ಲಿ ಅನುಭವಸ್ಥರಿಗೆ ಗೊತ್ತೇ ಇದೆ. ಗೊತ್ತಿದ್ದೂ ಮಾಡುವುದಿಲ್ಲ. ಸೋಮಾರಿತನ ಎನ್ನುತ್ತೀರಿ. ನನಗೆ ಹಾಗೆ ಕಾಣುವುದಿಲ್ಲ. ಮಿಷನ್ ಸದ್ದು ನಿಂತ ಕೂಡಲೇ ಬಂಗಲೆಯಿಂದ ‘ಏನಾಯ್ತೋ’ ಎಂಬ ಕೂಗು ಬರುತ್ತದೆ, ಇಲ್ಲವೇ ಮೇಸ್ತ್ರಿ ಎದ್ದು ಬರುತ್ತಾನೆ. ಸದ್ದು ಇದ್ದರೆ ಕೆಲಸ, ಸದ್ದು ನಿಂತರೆ ಕಾಲಹರಣ ಎಂಬ ಲೆಕ್ಕ ನಮ್ಮ ತೋಟಗಳಲ್ಲಿ ಬೇರೂರಿದೆ. ಮರಕ್ಕಿಷ್ಟು ಎಂಬ ಗುತ್ತಿಗೆಯಲ್ಲಂತೂ ನಿಂತ ನಿಮಿಷಕ್ಕೆ ಬೆಲೆಯೇ ಇಲ್ಲ. ಚೈನು ಬಿಗಿ ಮಾಡಿದ ಹೊತ್ತು, ಅರ ಹಾಕಿದ ಹೊತ್ತು, ಸಂಜೆ ಬಾರು ಕೆರೆದ ಹೊತ್ತು, ಇವು ಬಟವಾಡೆಯಲ್ಲಿ ಕೆಲಸವೆಂದೇ ಸೇರಬೇಕು. ದಿನಗೂಲಿಯಾದರೆ ಸಂಜೆಯ ಕೊನೆಯ ಅರ್ಧ ಗಂಟೆಯನ್ನು ಮಿಷನ್ನಿಗೆಂದು ಬಿಟ್ಟುಕೊಡಿ. ಗುತ್ತಿಗೆಯಾದರೆ ದರ ಮಾತಾಡುವಾಗಲೇ ಅದನ್ನು ಸೇರಿಸಿ ಮಾತಾಡಿ, ರೈಟರಿಗೂ ತಿಳಿಸಿ. ನಿಲ್ಲಿಸಿದವನನ್ನು ಬೈಯಬಾರದು ಎಂದು ನಿಮ್ಮ ಬಾಯಿಂದಲೇ, ಎಲ್ಲರೆದುರು, ಒಮ್ಮೆ ಹೇಳಿ. ನಾನು ಹೇಳಿದರೆ ರಿಪೇರಿಯವನ ಮಾತು, ನೀವು ಹೇಳಿದರೆ ತೋಟದ ಕಾಯಿದೆ.

ಈಚೆಗೆ ಲೈನ್ ಮನೆಗಳಲ್ಲಿ ಅಸ್ಸಾಮಿನ ಕಡೆಯಿಂದ ಬಂದವರೂ ಇದ್ದಾರೆ. ಮಿಷನ್ ಜೊತೆ ಬರುವ ಪುಸ್ತಕ ಅವರಿಗೂ ಓದಲು ಬರುವುದಿಲ್ಲ, ನಮ್ಮ ಕನ್ನಡದ ವಿವರಣೆಯೂ ಪೂರ್ತಿ ಮುಟ್ಟುವುದಿಲ್ಲ. ಅವರಿಗೆ ಕೈಯಲ್ಲಿ ತೋರಿಸಬೇಕು. ತೋರಿಸಿದ ಮೇಲೆ ಅವರ ಕೈಯಲ್ಲಿ ಮಾಡಿಸಿ ನೋಡಬೇಕು. ಬಿಗಿ ಮಾಡಲು ಬರದವನಿಗೆ ಮಿಷನ್ ಕೊಡಬಾರದು, ಎಷ್ಟೇ ಗಟ್ಟಿಗನಾಗಿರಲಿ. ಪಕ್ಕದ ತೋಟದವರು ಒಂದು ದಿನಕ್ಕೆಂದು ಕೇಳಿ ಒಯ್ಯುವಾಗಲೂ ಇದೇ ಮಾತು. ವಾಪಸ್ಸು ಬಂದ ಮಿಷನ್ನಿನ ಚೈನು ನೋಡದೆ ಮಾರನೆಯ ದಿನ ಹೊರಗೆ ಕಳಿಸಬೇಡಿ. ಬೇಲಿ ಮರದೊಳಗೆ ಹುದುಗಿದ್ದ ಮುಳ್ಳುತಂತಿಯನ್ನೋ, ಮಣ್ಣಿನಲ್ಲಿ ಎಳೆದು ತಂದ ದಿಮ್ಮಿಯನ್ನೋ ಕೊಯ್ದಿದ್ದರೆ ಒಂದೇ ಕೊಯ್ತಕ್ಕೆ ಹಲ್ಲೆಲ್ಲ ಹೋಗಿರುತ್ತದೆ. ಒಯ್ದವರು ಅದನ್ನು ಹೇಳುವುದಿಲ್ಲ. ಇದು ನಮ್ಮೂರ ಕಡೆಯ ಸಂಕೋಚ.

ಮತ್ತೊಂದು. ಮರದ ಮೇಲೆ, ಏಣಿಯ ಮೇಲೆ ನಿಂತು ಚೈನು ಬಿಗಿ ಮಾಡುವುದನ್ನು ನಿಲ್ಲಿಸಿ. ಸಣ್ಣ ಮಿಷನ್ನನ್ನು ಹಗ್ಗದಲ್ಲಿ ಕೆಳಗಿಳಿಸಿ, ನೆಲದ ಮೇಲೆ ಕೂತು ಮಾಡಲಿ. ಕೆಳಗಿರುವವನು ಬಿಗಿ ಮಾಡಿ ಮೇಲೆ ಕಳಿಸಲಿ. ಮಳೆಗಾಲದಲ್ಲಿ ಕರೆಂಟ್ ಲೈನಿನ ಮೇಲೆ, ರಸ್ತೆಯ ಮೇಲೆ ಮರ ಬಿದ್ದಾಗ ಎಲ್ಲರೂ ಅವಸರದಲ್ಲಿರುತ್ತಾರೆ, ಮಿಷನ್ ಇರುವ ತೋಟಕ್ಕೆ ಓಡಿ ಬರುತ್ತಾರೆ. 2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನಲ್ಲೂ ನಮ್ಮಲ್ಲೂ ಎಷ್ಟೋ ಕಡೆ ದಾರಿ ಬಿಡಿಸಿದ್ದು ತೋಟದವರ ಮಿಷನ್ನುಗಳೇ. ಅದು ಹೆಮ್ಮೆಯ ಸಂಗತಿ. ಆದರೆ ನೆಂದು ಹಿಗ್ಗಿದ ಮರ, ಒತ್ತಡದಲ್ಲಿ ಬಾಗಿ ನಿಂತ ಕೊಂಬೆ, ಟಾರ್ಚಿನ ಬೆಳಕು, ಇವುಗಳ ನಡುವೆ ಜೋತ ಚೈನನ್ನು ಓಡಿಸುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಜೂನ್ ಒಂದನೆಯ ತಾರೀಖಿನೊಳಗೆ ಹೊಸ ಚೈನು, ಕ್ಯಾಚರು, ಒಂದು ಜೊತೆ ಗ್ಲೌಸು, ಎರಡು ಬಿಡಿ ನಟ್ಟು ಸ್ಟೋರಿನಲ್ಲಿರಲಿ. ಆ ನಟ್ಟು ಬಿಚ್ಚುವಾಗ ಕಾಫಿ ದರಗಿನೊಳಗೆ ಬಿದ್ದರೆ ಸಿಗುವುದಿಲ್ಲ, ಅದಕ್ಕೆ ಎರಡು ಎಂದೆ.

ಮರಗಸಿ ಶುರುವಾಗುವ ಮುಂಚೆ ಒಂದು ದಿನ ಮಿಷನ್ ಓಡಿಸುವವರನ್ನೂ ಕರೆದುಕೊಂಡು ನೀವೇ ಅಂಗಡಿಗೆ ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಅಂಗಡಿಗೇ ಬರಬೇಕೆಂದಿಲ್ಲ, ನಿಮಗೆ ಹತ್ತಿರದ ಯಾವ ರಿಪೇರಿಯವನಾದರೂ ತೋರಿಸಿಕೊಡುತ್ತಾನೆ. ನನ್ನಲ್ಲಿಗೆ ಬಂದರೆ ಬಿಗಿ ಮಾಡುವುದು, ಬದಲಿಸುವುದು, ಅರ ಹಾಕುವುದು ಮೂರನ್ನೂ ದುಡ್ಡಿಲ್ಲದೆ ಹೇಳಿಕೊಡುತ್ತೇನೆ. ಸೋಮವಾರ ಸಂತೆಯ ಗಲಾಟೆ ಇರುತ್ತದೆ, ಬೇರೆ ದಿನ ಮಧ್ಯಾಹ್ನದ ಮೇಲೆ ಬನ್ನಿ. ಬರುವಾಗ ಹಳೆಯ ಚೈನನ್ನೂ ಬಾರನ್ನೂ ತನ್ನಿ, ಕೊಂಡಿ ಎಣಿಸಿ ಸರಿಯಾದದ್ದನ್ನೇ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮಿಷನ್ ರಿಪೇರಿ ಅಂಗಡಿಯವನು
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ